ಎರ್ಮೆನೆಹಿಲ್ದೊ

ಎರ್ಮೆನೆಹಿಲ್ದೊ ಸ್ಪ್ಯಾನಿಷ್ ಭಾಷೆಯ ಒಂದು ಪುರುಷನಾಮ. ಮಧ್ಯಯುಗದಲ್ಲಿ ಬಳಕೆಯಲ್ಲಿದ್ದ ಇದನ್ನು ಮಕ್ಕಳಿಗೆ ಇಡುವುದು ಈಗ ಬಲು ವಿರಳ. ಐದನೆಯ ಶತಮಾನದಲ್ಲಿ ಐಬೀರಿಯಾಕ್ಕೆ ಬಂದು ರಾಜ್ಯ ಕಟ್ಟಿದ ಜರ್ಮಾನಿಕ್ ಜನಾಂಗದವರಾದ ವಿಸಿಗಾಥರ ಭಾಷೆಯೇ ಇದರ ಮೂಲವಾಗಿದ್ದು, ಪೂರ್ವಪದಕ್ಕೆ 'ಸಮಗ್ರ' ಅಥವಾ 'ಮಹತ್ತಾದ' ಎಂಬ ಅರ್ಥವೂ ಉತ್ತರಪದವಾದ 'ಗಿಲ್ಡ್'ಗೆ ಸಲ್ಲಿಕೆ, ಕಪ್ಪ, ಮೌಲ್ಯ, ಬಲಿ ಎಂಬ ಅರ್ಥಗಳೂ ಇವೆ. 'ಮಹಾಬಲಿದಾನ' ಎಂದು ಇಡೀ ಹೆಸರನ್ನು ಅರ್ಥೈಸುವುದು ಆಕರ್ಷಕವಾಗಿದ್ದರೂ, ಅದರಲ್ಲಿ ಈ ಹೆಸರಿನ ಸಂತನ ಕಥೆಯ ನೆರಳು ಬಿದ್ದಂತಿದೆ. ಏಕೆಂದರೆ ಜರ್ಮಾನಿಕ್ ರಾಜಮನೆತನಗಳು ಅರ್ಥಕ್ಕಿಂತ ವಂಶದ ಗುರುತಿಗಾಗಿ ಪದಾಂಗಗಳನ್ನು ಮಕ್ಕಳ ಹೆಸರಿನಲ್ಲಿ ಮರಳಿ ಬಳಸುತ್ತಿದ್ದವು. ವಿಸಿಗಾಥರ ದೊರೆ ಲಿಯೋವಿಗಿಲ್ಡನ ಮಗನಾದ ಆ ಸಂತನಿಗೆ ಇದೇ 'ಗಿಲ್ಡ್' ಬಂದದ್ದೂ ಹಾಗೆಯೇ.

ಆ ರಾಜಕುಮಾರ 579ರಲ್ಲಿ ಫ್ರಾಂಕ್ ರಾಜಕುಮಾರಿ ಇಂಗುಂಡಳನ್ನು ವರಿಸಿ, ಸೆವಿಯದಲ್ಲಿ ಆಳ್ವಿಕೆ ನಡೆಸುತ್ತ, ಬಿಷಪ್ ಲಿಯಾಂಡರನ ಪ್ರಭಾವದಿಂದ ಏರಿಯನ್ ಪಂಥವನ್ನು, ಎಂದರೆ ಕ್ರಿಸ್ತನು ದೇವಪಿತನಿಗೆ ಸಮಾನನಲ್ಲವೆಂಬ ಮತವನ್ನು, ತೊರೆದು ಕ್ಯಾಥೊಲಿಕ್ ನಂಬಿಕೆಯನ್ನು ಸ್ವೀಕರಿಸಿ ತಂದೆಯ ವಿರುದ್ಧ ದಂಗೆಯೆದ್ದನು. ಸೆವಿಯದ ಬಳಿಯ ಅಲ್ಕಲಾ ದೆ ಗ್ವಾದಾಯ್ರಾದಲ್ಲಿ ದೊರೆತ ಶಿಲಾಶಾಸನವೊಂದು, ತಂದೆಯಿಂದಲೇ ಪೀಡಿತನಾದ ಅರಸನ ಆಳ್ವಿಕೆಯ ಎರಡನೆಯ ವರ್ಷವೆಂದು ಕಾಲವನ್ನು ಗುರುತಿಸುತ್ತದೆ. ಅದರಲ್ಲಿ ಹೆಸರಿನ ಮೊದಲಿಗೆ ಇಂದಿನ ಬರವಣಿಗೆಯಲ್ಲಿರುವ, ಆದರೆ ಉಚ್ಚರಿಸದ, ಹಕಾರದ ಅಕ್ಷರ ಇಲ್ಲ. 584ರಲ್ಲಿ ಕೊರ್ದೊಬಾದಲ್ಲಿ ಸೆರೆಸಿಕ್ಕ ಅವನು ಮರುವರ್ಷ ತರ್ರಗೋನಾದಲ್ಲಿ ಹತನಾದನು. ಸಮಕಾಲೀನ ಇತಿಹಾಸಕಾರ ಬಿಕ್ಲಾರದ ಜಾನನಿಗೆ ಅವನು ಬಂಡುಕೋರ. ಏರಿಯನ್ ಬಿಷಪನ ಕೈಯಿಂದ ಪ್ರಸಾದ ಸ್ವೀಕರಿಸದೆ ಪ್ರಾಣ ಕೊಟ್ಟನೆಂದು ಬರೆದ ಪೋಪ್ ಮಹಾ ಗ್ರೆಗರಿಗೆ ಹುತಾತ್ಮ. ಹೆಸರಿನ ಮುಂದಿನ ಪ್ರತಿಷ್ಠೆ ನಿಂತದ್ದು ಗ್ರೆಗರಿಯ ಬರಹದ ಮೇಲೆ.

ಮಧ್ಯಯುಗದಲ್ಲಿ ಗಲೀಸಿಯ ಮತ್ತು ಪೋರ್ಚುಗಲ್ ಪ್ರದೇಶಗಳಲ್ಲಿ ಈ ದೀರ್ಘನಾಮ ನಾಲಗೆಯ ಮೇಲೆ ಸವೆದು ಮೆನೆಂದೊ, ಮೆಂದೊ ಎಂಬ ರೂಪಗಳನ್ನು ತಾಳಿತು. 878ರಲ್ಲಿ ಕೊಯಿಂಬ್ರಾ ನಗರವನ್ನು ಗೆದ್ದ ಕೌಂಟ್ ಎರ್ಮೆನೆಹಿಲ್ದೊ ಗುತಿಯೆರೆಸ್ ಮೆನೆಂದೊ ಎಂದೂ ಪ್ರಸಿದ್ಧ. 'ಇಂಥವನ ಮಗ' ಎಂಬರ್ಥದ ಪ್ರತ್ಯಯ ಸೇರಿ ಅದರಿಂದ ಮೆನೆಂದೆಸ್, ಮೆಂದೆಸ್ ಎಂಬ ಕುಲನಾಮಗಳು ಹುಟ್ಟಿದವು. ಮೂಲನಾಮ ಮರೆಯಾಗುತ್ತಿದ್ದರೂ ಈ ಕುಲನಾಮಗಳು ಇಂದಿಗೂ ಸ್ಪ್ಯಾನಿಷ್ ಲೋಕದಲ್ಲಿ ಹೇರಳ. ಪೋರ್ಚುಗೀಸರ ಮೂಲಕ ಮೆಂದೆಸ್ ಗೋವೆಯ ಕ್ರೈಸ್ತ ಮನೆತನಗಳಿಗೂ ಬಂದಿದೆ.

ರಾಜಕುಮಾರ ಹುತಾತ್ಮನಾದ ಸಾವಿರ ವರ್ಷಗಳಿಗೆ, 1585ರಲ್ಲಿ, ದೊರೆ ಎರಡನೆಯ ಫಿಲಿಪ್‌ನ ಕೋರಿಕೆಯಂತೆ ಪೋಪ್ ಐದನೆಯ ಸಿಕ್ಸ್‌ಟಸ್ ಅವನ ಆರಾಧನೆಗೆ ಸ್ಪೇನಿನಲ್ಲಿ ಮನ್ನಣೆಯಿತ್ತನು. ಏಪ್ರಿಲ್ 13 ಅವನ ಹಬ್ಬ. ಸೇನಾಧಿಕಾರಿಗಳ ದೀರ್ಘ, ನಿಷ್ಕಳಂಕ ಸೇವೆಗಾಗಿ ಸ್ಪೇನಿನ ದೊರೆ ಏಳನೆಯ ಫರ್ಡಿನಂಡ್ 1814ರಲ್ಲಿ ಸ್ಥಾಪಿಸಿದ ಗೌರವಶ್ರೇಣಿಗೂ ಈ ಸಂತನ ಹೆಸರೇ ಇದೆ. ಅದೇ ವರ್ಷ ಅದೇ ದೊರೆಯ ಸೈನ್ಯದ ವಿರುದ್ಧ ಹೋರಾಡುತ್ತ ಮಡಿದ ಮೆಕ್ಸಿಕೊದ ಸ್ವಾತಂತ್ರ್ಯ ಸೇನಾನಿಯ ಹೆಸರು ಎರ್ಮೆನೆಹಿಲ್ದೊ ಗಲೆಯಾನಾ.