ಫತೇ ಮೈದಾನದ ಬಾಡಿಗೆದಾರ

ಹೈದರಾಬಾದಿನ ಲಾಲ್ ಬಹಾದುರ್ ಶಾಸ್ತ್ರಿ ಕ್ರೀಡಾಂಗಣದ ಹಳೆಯ ಹೆಸರು ಫತೇ ಮೈದಾನ. 1687ರಲ್ಲಿ ಗೋಲ್ಕೊಂಡಕ್ಕೆ ಮುತ್ತಿಗೆ ಹಾಕಿದ ಔರಂಗಜೇಬನ ಸೇನೆ ಇಲ್ಲಿ ಬೀಡುಬಿಟ್ಟಿತ್ತು; ಕೋಟೆ ಬಿದ್ದ ಮೇಲೆ ಗೆಲುವಿನ ಹೆಸರು ಬಯಲಿಗೆ ಅಂಟಿತು. ನಿಜಾಮರ ಕಾಲಕ್ಕೆ ಅದು ಪೋಲೋ ಅಂಗಳ. 1955ರ ನವೆಂಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಪಾಲಿ ಉಮ್ರಿಗರ್ ಇಲ್ಲೇ 223 ಓಟ ಬಾರಿಸಿದರು, ಟೆಸ್ಟಿನಲ್ಲಿ ಭಾರತೀಯನೊಬ್ಬನ ಮೊದಲ ದ್ವಿಶತಕ. 1983ರಲ್ಲಿ ಎನ್.ಟಿ. ರಾಮರಾವ್, 2023ರಲ್ಲಿ ರೇವಂತ್ ರೆಡ್ಡಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಇಲ್ಲೇ. ಎಲ್ಲರಿಗೂ ಜಾಗ ಕೊಟ್ಟ ಈ ಬಯಲಿನಲ್ಲಿ ಫುಟ್‌ಬಾಲ್ ಮಾತ್ರ ಬಾಡಿಗೆದಾರನಾಗಿಯೇ ಉಳಿಯಿತು ಎಂಬುದು ನನ್ನ ವಾದ. ಬಾಡಿಗೆದಾರನೇನು ಸಾಮಾನ್ಯನಲ್ಲ. ಸೈಯದ್ ಅಬ್ದುಲ್ ರಹೀಂ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅದೇ ರಹೀಂ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತು. ರೋವರ್ಸ್ ಗೆದ್ದ ಆ ವರ್ಷಗಳಲ್ಲಿ ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು, ಜಹೀರಾಬಾದ್ ಬೀದರಿನಲ್ಲಿ. ಆ ಜಿಲ್ಲೆಗಳಿಗೂ ರಾಜಧಾನಿ ಹೈದರಾಬಾದೇ. ಹಾಗಾಗಿ ಆ ಕೀರ್ತಿಯಲ್ಲಿ ಕನ್ನಡ ಸೀಮೆಗೂ ಪಾಲಿದೆ.

ಫುಟ್‌ಬಾಲ್ ಬಾಡಿಗೆದಾರನಾಗಿಯೇ ಉಳಿದದ್ದಕ್ಕೆ ಅಂಗಳದ ಅಳತೆಯೇ ಸಾಕ್ಷಿ. ಫುಟ್‌ಬಾಲಿಗೆ ಬೇಕಾದ್ದು ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲದ ಆಯತ. ಕ್ರಿಕೆಟ್ ಅಂಗಳ ದುಂಡು. ಅಡ್ಡಗಲ 130 ಮೀಟರ್ ಎಂದಿಟ್ಟುಕೊಂಡರೂ ಪಕ್ಕದ ಗೆರೆಯಿಂದ ಪ್ರೇಕ್ಷಕ ಮೂವತ್ತು ಮೀಟರ್ ಆಚೆ ಕೂರುತ್ತಾನೆ. ಹೈದರಾಬಾದಿನದೇ ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣದಲ್ಲಿ ಕ್ರಿಕೆಟ್ ಇಲ್ಲ, ಆದರೆ ಓಟದ ಪಥ ಅದೇ ಕೆಲಸ ಮಾಡುತ್ತದೆ. ಬೆಂಗಳೂರಿನ ಅಶೋಕನಗರದಲ್ಲಿ ಫುಟ್‌ಬಾಲಿಗೆಂದೇ ಒಂದು ಕ್ರೀಡಾಂಗಣವಿದೆ. ಚಿಕ್ಕದು, ಚೆಲುವೂ ಅಷ್ಟಕ್ಕಷ್ಟೇ. ಆದರೂ ಬೆಂಗಳೂರು ಎಫ್‌ಸಿ ತನ್ನ ಚೊಚ್ಚಲ ಋತುವಿನಲ್ಲಿ, 2013-14ರಲ್ಲಿ, ಅದನ್ನೇ ತವರು ಮಾಡಿಕೊಂಡು ಐ-ಲೀಗ್ ಗೆದ್ದಿತು.

ರೋವರ್ಸ್ ಗೆದ್ದದ್ದು ಮುಂಬಯಿಯಲ್ಲಿ, ಕ್ರೀಡಾಂಗಣ ಆಟಗಾರರನ್ನು ಹುಟ್ಟಿಸುವುದಿಲ್ಲ, 1963ರಲ್ಲಿ ರಹೀಂ ತೀರಿಕೊಂಡದ್ದೇ ನಿಜವಾದ ಪೆಟ್ಟು ಎಂದು ಯಾರಾದರೂ ಹೇಳಬಹುದು. ಒಪ್ಪುವ ಮಾತೇ. ಆದರೆ ಆಟಗಾರರನ್ನು ಒಬ್ಬ ಗುರು ಬೆಳೆಸಬಲ್ಲ. ಟಿಕೆಟ್ ಕೊಂಡು ವಾರವಾರ ಬರುವ ಪ್ರೇಕ್ಷಕರನ್ನು ಬೆಳೆಸುವುದು ಅಂಗಳ. ಅಂಥ ಪ್ರೇಕ್ಷಕರಿಲ್ಲದ ಆಟ ಪೊಲೀಸ್ ಇಲಾಖೆಯ ನೌಕರಿ ಮತ್ತು ಒಬ್ಬ ರಹೀಮರ ಮೇಲೆ ನಿಲ್ಲಬೇಕಾಯಿತು. ಅವರು ಹೋದಾಗ ಆತುಕೊಳ್ಳಲು ಬೇರೇನೂ ಇರಲಿಲ್ಲ. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್‌ಎಲ್ ಗೆದ್ದಾಗಲೂ, ಕೋವಿಡ್ ಕಾರಣಕ್ಕೆ ಇಡೀ ಋತುವಿನ ಪಂದ್ಯಗಳು ನಡೆದದ್ದು ಗೋವಾದಲ್ಲಿ.