ಗ್ಲೆನ್ ಮಿಲ್ಲರ್ ಕಣ್ಮರೆ: ಬಾಂಬು ವಿಸರ್ಜನೆಯ ಊಹೆ ಮತ್ತು ಒಂದು ಗಂಟೆಯ ಲೆಕ್ಕ

1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಫ್ರಾನ್ಸಿಗೆ ಹೊರಟು ಮತ್ತೆ ಕಾಣಿಸದೆಹೋದ ಅಮೆರಿಕದ ವಾದ್ಯವೃಂದ ನಾಯಕ ಗ್ಲೆನ್ ಮಿಲ್ಲರ್ ಅವರ ಸಾವಿಗೆ ಬ್ರಿಟಿಷ್ ವಾಯುಪಡೆ ಕಡಲಿಗೆ ಸುರಿದ ಬಾಂಬುಗಳೇ ಕಾರಣವಿರಬಹುದೆಂಬ ಊಹೆಯನ್ನು ಈಚಿನ ಸಂಶೋಧಕರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಈ ನಿಲುವು ಸರಿಯಾದುದೇ ಆದರೂ, ಅದಕ್ಕೆ ಆಧಾರವಾಗಿ ಸಾಮಾನ್ಯವಾಗಿ ಮುಂದಿಡುವ ಗಡಿಯಾರದ ವಾದ ದುರ್ಬಲವೆಂದೂ, ಅದಕ್ಕಿಂತ ಗಟ್ಟಿಯಾದ ಆಧಾರ ವಿಮಾನ ಸಾಗಿದ ದಾರಿಯಲ್ಲಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಸಂಕ್ಷೇಪವಾಗಿ ಹೇಳಬಹುದು. ಹಿತ್ತಾಳೆ ವಾದ್ಯಗಳು, ಸ್ಯಾಕ್ಸೋಫೋನುಗಳು ಮತ್ತು ತಾಳವಾದ್ಯಗಳು ಸೇರಿ ಜಾಝ್ ನುಡಿಸುವ ದೊಡ್ಡ ತಂಡಕ್ಕೆ ಬಿಗ್ ಬ್ಯಾಂಡ್ ಎಂದು ಹೆಸರು. 1904ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿದ, ಟ್ರಾಂಬೋನ್ ವಾದಕರಾದ ಮಿಲ್ಲರ್ 1930ರ ದಶಕದ ಕೊನೆಯಲ್ಲಿ ಇಂಥ ತಂಡವೊಂದರಿಂದ ದೇಶದಾದ್ಯಂತ ಹೆಸರಾದರು. 1942ರಲ್ಲಿ ತಂಡವನ್ನು ವಿಸರ್ಜಿಸಿ ಸೇನೆಗೆ ಸೇರಿ, 1944ರ ಬೇಸಿಗೆಯಲ್ಲಿ ಸೈನಿಕ ವಾದ್ಯವೃಂದದೊಡನೆ ಇಂಗ್ಲೆಂಡಿಗೆ ಬಂದರು. ಪ್ಯಾರಿಸಿನಲ್ಲಿ ತಂಡದ ಕಾರ್ಯಕ್ರಮಗಳಿಗೆ ಏರ್ಪಾಡು ಮಾಡಲು ಅವರು ಬೆಡ್‌ಫರ್ಡ್ ಬಳಿಯ ಟ್ವಿನ್‌ವುಡ್ ಫಾರ್ಮ್ ವಿಮಾನ ನಿಲ್ದಾಣದಿಂದ ಒಂಟಿ ಎಂಜಿನ್ನಿನ ನಾರ್ಸ್‌ಮನ್ ವಿಮಾನವನ್ನು ಏರಿದರು. ಜೊತೆಯಲ್ಲಿದ್ದವರು ಲೆಫ್ಟಿನೆಂಟ್ ಕರ್ನಲ್ ನಾರ್ಮನ್ ಬೇಸೆಲ್ ಮತ್ತು ಚಾಲಕ ಜಾನ್ ಮಾರ್ಗನ್. ಸಾವಿನ ಕುರಿತು ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಂಡ ಇತರ ಕಥೆಗಳಿಗೆ, ಅಂದರೆ ಪ್ಯಾರಿಸಿನ ವೇಶ್ಯಾಗೃಹದಲ್ಲಿ ಸತ್ತರೆಂಬುದಕ್ಕೂ ರಹಸ್ಯ ಕಾರ್ಯಾಚರಣೆಯಲ್ಲಿ ಬಲಿಯಾದರೆಂಬುದಕ್ಕೂ, ಸಮಕಾಲೀನ ದಾಖಲೆಯ ಬೆಂಬಲವಿಲ್ಲ. ಇಂಥ ಕಥೆಗಳು ಬೆಳೆಯಲು ಎಡೆಯಾದದ್ದು ಸುದ್ದಿ ಹೊರಬಿದ್ದ ವಿಳಂಬ: ಈ ಪಯಣ ಮಿಲ್ಲರ್ ಅವರಿಗೆ ಗೊತ್ತುಪಡಿಸಿದ್ದ ಏರ್ಪಾಡಿನ ಹೊರಗೆ ನಡೆದಿತ್ತು, ಮರುದಿನವೇ ಆರ್ಡೆನ್ಸ್‌ನಲ್ಲಿ ಜರ್ಮನ್ ದಾಳಿ ಆರಂಭವಾಯಿತು, ಅವರು ಕಾಣೆಯಾದ ಸಂಗತಿ ಪ್ರಕಟವಾದದ್ದು ಡಿಸೆಂಬರ್ 24ರಂದು.

ಬಾಂಬು ವಿಸರ್ಜನೆಯ ಊಹೆ ಮಾತ್ರ ಬೇರೆ ದರ್ಜೆಯದು. ಅದೇ ದಿನ ಜರ್ಮನಿಯ ಸೀಗನ್ ಪಟ್ಟಣದತ್ತ ಹೊರಟಿದ್ದ ನೂರಕ್ಕೂ ಹೆಚ್ಚು ಲಂಕಾಸ್ಟರ್ ಬಾಂಬರುಗಳು, ಹವೆಯ ದೆಸೆಯಿಂದ ಬೆಂಗಾವಲು ವಿಮಾನಗಳು ಮೇಲೇರಲಾಗದೆ, ಅರ್ಧದಾರಿಯಿಂದ ಹಿಂದಿರುಗಿದವು. 4000 ಪೌಂಡಿನ ಬಾಂಬನ್ನು ಹೊತ್ತು ನೆಲಕ್ಕಿಳಿಯುವುದು ಅಪಾಯಕರವಾದ್ದರಿಂದ ಅವು ಕಡಲ್ಗಾಲುವೆಯಲ್ಲಿ ಗೊತ್ತುಮಾಡಿದ ವಿಸರ್ಜನಾ ವಲಯದಲ್ಲಿ ತಮ್ಮ ಬಾಂಬುಗಳನ್ನು ಕೆಡವಿದವು. ಅವುಗಳಲ್ಲೊಂದರ ದಿಕ್ಸೂಚಕ ಅಧಿಕಾರಿಯಾಗಿದ್ದ ಫ್ರೆಡ್ ಷಾ, ಆಗ ಕೆಳಗೆ ಹಾರುತ್ತಿದ್ದ ನಾರ್ಸ್‌ಮನ್ ಒಂದನ್ನು ತಾನು ಕಂಡೆನೆಂದು ನಾಲ್ಕು ದಶಕಗಳ ಮೇಲೆ, 1984ರಲ್ಲಿ, ಬಹಿರಂಗವಾಗಿ ಹೇಳಿದರು. ವಿಮಾನಯಾನದ ಇತಿಹಾಸಕಾರ ರಾಯ್ ನೆಸ್‌ಬಿಟ್ ಇದನ್ನು ದಾಖಲೆಗಳೊಡನೆ ತಾಳೆನೋಡಿ ಸಾಧ್ಯವೆಂದು ಕಂಡರೆ, ಡೆನಿಸ್ ಸ್ಪ್ರ್ಯಾಗ್ ತಮ್ಮ 2017ರ ಗ್ರಂಥದಲ್ಲಿ ನಿರಾಕರಿಸಿದರು.

ನಿರಾಕರಿಸುವವರು ಸಾಮಾನ್ಯವಾಗಿ ಹೂಡುವ ವಾದ ಇದು: ನಾರ್ಸ್‌ಮನ್ ಮೇಲೆದ್ದದ್ದು ಮಧ್ಯಾಹ್ನ 1:55ಕ್ಕೆ, ಷಾ ಅವರ ವಿಮಾನ ಬಾಂಬು ಕೆಡವಿದ್ದು ಸುಮಾರು 1:40ಕ್ಕೆ, ಆದ್ದರಿಂದ ಎರಡೂ ಸಂಧಿಸಲಾರವು. ಆದರೆ ಯುದ್ಧಕಾಲದ ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿಯೂ ಗಡಿಯಾರಗಳು ಗ್ರೀನ್‌ವಿಚ್ ಕಾಲಮಾನಕ್ಕಿಂತ ಒಂದು ಗಂಟೆ ಮುಂದಿದ್ದವು. ನಾರ್ಸ್‌ಮನ್‌ನ ವೇಳೆ ಸ್ಥಳೀಯ ಗಡಿಯಾರದ್ದಾಗಿ, ಬಾಂಬರಿನದು ಗ್ರೀನ್‌ವಿಚ್‌ನದಾಗಿದ್ದರೆ, ಮಿಲ್ಲರ್ ಹೊರಟದ್ದು ಗ್ರೀನ್‌ವಿಚ್ ಲೆಕ್ಕದಲ್ಲಿ 12:55ಕ್ಕೆ, ಎಂದರೆ ಬಾಂಬು ಬೀಳುವುದಕ್ಕೆ 45 ನಿಮಿಷ ಮೊದಲು. ಎರಡೂ ದಾಖಲೆಗಳು ಒಂದೇ ಕಾಲಮಾನವನ್ನು ಅನುಸರಿಸಿದುವೆಂದು ಸ್ವತಂತ್ರವಾಗಿ ಸಿದ್ಧಪಡಿಸದೆ, ಕೇವಲ ಅಂಕಿಗಳನ್ನು ಎದುರುಬದುರಿಟ್ಟು ಊಹೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಹೀಗೆ ಒಂದು ಗಂಟೆಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟ ಮೇಲೆ ಆ 45 ನಿಮಿಷಗಳಲ್ಲಿ ವಿಮಾನ ಎಲ್ಲಿಗೆ ತಲುಪಿರಬಹುದೆಂಬ ಪ್ರಶ್ನೆ ಏಳುತ್ತದೆ. ನಾರ್ಸ್‌ಮನ್‌ನ ಸಾಮಾನ್ಯ ವೇಗ ಗಂಟೆಗೆ 150 ಮೈಲಿಯ ಆಸುಪಾಸು. ಟ್ವಿನ್‌ವುಡ್‌ನಿಂದ ದಕ್ಷಿಣ ಕರಾವಳಿಯ ಬೀಚಿ ಹೆಡ್‌ಗೆ ನೇರ ದೂರ ನಕಾಶೆಯ ಮೇಲೆ ಅಳೆದರೆ ನೂರು ಮೈಲಿಗೆ ತುಸು ಹೆಚ್ಚು. ನೆಟ್ಟಗೆ ಹಾರಿದ್ದರೂ ವಿಮಾನ ಆ ಹೊತ್ತಿಗೆ ತೀರವನ್ನು ಆಗತಾನೆ ದಾಟಿರುತ್ತಿತ್ತು. ವಿಸರ್ಜನಾ ವಲಯ ಇದ್ದದ್ದು ತೀರದಿಂದ ಬಹು ದೂರ, ನಡುಗಡಲಿನಲ್ಲಿ. ಅಲ್ಲದೆ ರೆಡಿಂಗ್ ಬಳಿಯ ವುಡ್ಲಿಯಲ್ಲಿ ವಿಮಾನಗಳನ್ನು ಗುರುತಿಸಿ ಬರೆದಿಡುತ್ತಿದ್ದ ಹದಿಹರೆಯದ ವೀಕ್ಷಕನೊಬ್ಬನ ಟಿಪ್ಪಣಿ ಪುಸ್ತಕದಲ್ಲಿ ಅಂದು ನಾರ್ಸ್‌ಮನ್ ಒಂದು ಹಾದುಹೋದ ನಮೂದಿದೆ. ಅದು ಮಿಲ್ಲರ್ ಅವರ ವಿಮಾನವೇ ಆಗಿದ್ದಲ್ಲಿ, ದಾರಿ ಪಶ್ಚಿಮಕ್ಕೆ ಬಳಸಿ ಬೀಚಿ ಹೆಡ್‌ಗೆ ಸುಮಾರು 125 ಮೈಲಿಯಾಗುತ್ತದೆ. ಅಂದರೆ ಷಾ ಅವರ ಬಾಂಬು ಬಿದ್ದಾಗ ನಾರ್ಸ್‌ಮನ್ ಇನ್ನೂ ಇಂಗ್ಲೆಂಡಿನ ನೆಲದ ಮೇಲೆಯೇ ಇತ್ತು. ಈ ನಮೂದನ್ನು ಈವರೆಗೆ ವಿಮಾನದ ದಿಕ್ಕು ವಲಯದತ್ತ ಇರಲಿಲ್ಲವೆಂದು ತೋರಿಸಲು ಬಳಸಲಾಗಿದೆ; ಅದು ಕಾಲದ ಲೆಕ್ಕವನ್ನೂ ಮುರಿಯುತ್ತದೆಂಬುದು ಇಲ್ಲಿಯ ಪ್ರತಿಪಾದನೆ.

ಈ ಪ್ರತಿಪಾದನೆಗೆ ಮಿತಿಗಳಿವೆ. ಬಲವಾದ ಹಿಂಗಾಳಿ ಬೀಸಿದ್ದರೆ ಅಂತರ ಕುಗ್ಗುತ್ತದೆ, ಆದರೆ ವಲಯ ತೀರದಿಂದ 30 ಮೈಲಿಯಷ್ಟೇ ಆಚೆ ಇತ್ತೆಂದು ಇಟ್ಟುಕೊಂಡರೂ ವುಡ್ಲಿಯ ದಾರಿಗೆ ಗಂಟೆಗೆ 50 ಮೈಲಿಗೂ ಮಿಕ್ಕಿದ ಹಿಂಗಾಳಿ ಬೇಕಾಗುತ್ತದೆ. ಬಾಂಬರುಗಳೆಲ್ಲ ಒಂದೇ ಕ್ಷಣದಲ್ಲಿ ಬಾಂಬು ಕೆಡವಲಿಲ್ಲವೆಂಬುದೂ ನಿಜ. ಹಾಗಿದ್ದರೂ ತಡವಾಗಿ ಬಂದ ಬೇರೊಂದು ಬಾಂಬರನ್ನು ಕಾರಣವಾಗಿಸಿದರೆ ಊಹೆಯ ಏಕೈಕ ಸಾಕ್ಷ್ಯವಾದ ಷಾ ಅವರ ಹೇಳಿಕೆಯೇ ಕಳಚಿಬೀಳುತ್ತದೆ. ಆ ಹೇಳಿಕೆ ಸುಳ್ಳೆಂದು ಇದರರ್ಥವಲ್ಲ. ಅವರು ಯಾವುದೋ ಚಿಕ್ಕ ವಿಮಾನವನ್ನು ಕಂಡಿರಬಹುದು. ಅದು ಮಿಲ್ಲರ್ ಅವರದಾಗಿರುವುದು ಕಷ್ಟ.

ಉಳಿಯುವುದು ಹಿಮಗಟ್ಟುವಿಕೆಯ ವಿವರಣೆ. ಇಂಧನವನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ತಣ್ಣನೆಯ ತೇವದ ಹವೆಯಲ್ಲಿ ಒಳಗೇ ಹಿಮಗಟ್ಟಿದರೆ ಎಂಜಿನ್ ನಿಂತುಹೋಗುತ್ತದೆ. ನಾರ್ಸ್‌ಮನ್‌ನ ಎಂಜಿನ್ನಿಗೆ ಈ ದೋಷವಿತ್ತು, ತಗ್ಗಿನಲ್ಲಿ ಹಾರುತ್ತಿದ್ದ ಒಂಟಿ ಎಂಜಿನ್ನಿನ ವಿಮಾನಕ್ಕೆ ಚೇತರಿಸಿಕೊಳ್ಳಲು ಎಡೆಯಿರಲಿಲ್ಲ. ಆದರೂ ಇದು ಇತರ ವಿವರಣೆಗಳು ಸೋತದ್ದರಿಂದ ನಿಂತಿರುವ ತೀರ್ಮಾನ, ಅವಶೇಷದ ಪರೀಕ್ಷೆಯಿಂದ ದೊರೆತದ್ದಲ್ಲ. ವುಡ್ಲಿಯ ಮೇಲೆ ಹಾದ ನಾರ್ಸ್‌ಮನ್ ಯಾವುದೆಂಬುದು ಖಚಿತವಾಗಬೇಕಾದರೆ ಅಂದು ದಕ್ಷಿಣ ಇಂಗ್ಲೆಂಡಿನಲ್ಲಿ ಹಾರಿದ ಆ ಮಾದರಿಯ ಇತರ ವಿಮಾನಗಳ ದಾಖಲೆಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು. ಹಾಗೆಯೇ ಎರಡೂ ಕಡೆಯ ವೇಳೆಗಳು ಯಾವ ಕಾಲಮಾನದವೆಂಬುದನ್ನು ಅದೇ ನಿಲ್ದಾಣಗಳ ಬೇರೆ ದಿನಗಳ ನಮೂದುಗಳಿಂದ ನಿರ್ಧರಿಸುವ ಕೆಲಸ ಬಾಕಿಯಿದೆ.