ಅಂಗೈಯಲ್ಲಿ ಚತುರಂಗ ಬಲ

ಒಂದು ಕಡೆ ಸ್ವರ್ಣಾ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ನಡುವಿನ ನೆಲದ ಪಟ್ಟಿಯಲ್ಲಿ ಹೂಡೆ. ಸಂಜೆ ಹೊತ್ತು ಅಲ್ಲಿನ ಕಡಲ ತಡಿಯಲ್ಲಿ ಕೂರುವ ಹುಡುಗರ ನಡುವೆ ಇಸ್ಪೀಟು ಕಟ್ಟು ಕಾಣದಿದ್ದರೆ ಎಲೆಯಾಟ ನಿಂತುಹೋಯಿತೆಂದು ಭಾವಿಸಬೇಕಾಗಿಲ್ಲ. ಅದು ಮೊಬೈಲ್ ಫೋನಿನೊಳಗೆ ಹೊಕ್ಕಿದೆ. ಐಸ್‌ಲ್ಯಾಂಡಿನ ಸಂಸ್ಥೆಯೊಂದು 2020ರಲ್ಲಿ ಹೊರತಂದ 'ಕಾರ್ಡ್ಸ್' ಎಂಬ ಆಟವನ್ನೇ ನೋಡಿ. ಎರಡನೇ ಮಹಾಯುದ್ಧವೇ ಅದರ ವಸ್ತು. ಒಂದು ಎಲೆ ಟ್ಯಾಂಕ್, ಮತ್ತೊಂದು ಯುದ್ಧವಿಮಾನ, ಇನ್ನೊಂದು ಕಾಲಾಳು ದಳ. ಎದುರಾಳಿಯ ಪ್ರಧಾನ ಠಾಣ್ಯವನ್ನು ಕೆಡವಿದವನು ಗೆದ್ದ.

ಎಲೆಗಳ ಮೇಲೆ ಸೈನ್ಯ ಹೂಡುವ ಈ ಉಪಾಯ ಐಸ್‌ಲ್ಯಾಂಡಿನಲ್ಲಿ ಹುಟ್ಟಿದ್ದಲ್ಲ. ನಾಲ್ಕು ಶತಮಾನಗಳ ಹಿಂದೆಯೇ ನಮ್ಮ ದೇಶದಲ್ಲಿ ಅಂಥ ಆಟವಿತ್ತು. ಅದರಲ್ಲಿ ಕನ್ನಡ ನಾಡಿನ ದಂಡೂ ಇತ್ತು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಆ ಆಟದ ಹೆಸರು ಗಂಜೀಫಾ. ಅದರ ಎಲೆಗಳು ಗುಂಡಗೆ ಬಿಲ್ಲೆಯಂತಿರುತ್ತವೆ. ಸಿಂಧ್ ಪ್ರಾಂತದ ಷಾ ಹಸನ್‌ನಿಗೆ ತಾನು ಗಂಜೀಫಾ ಕಳುಹಿಸಿದ್ದಾಗಿ ಬಾಬರ್ 1527ರಲ್ಲಿ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆದರೆ ಆಟದ ಪೂರ್ಣ ವಿವರ ಸಿಗುವುದು ಅಕ್ಬರನ ಆಸ್ಥಾನದ ಅಬುಲ್ ಫಜಲ್‌ನ 'ಐನ್-ಇ-ಅಕ್ಬರಿ'ಯಲ್ಲಿ. ಅವನು ಹೇಳುವ ಹಳೆಯ ಕಟ್ಟಿನಲ್ಲಿ ಹನ್ನೆರಡು ಬಣ್ಣಗಳು. ಒಂದೊಂದರಲ್ಲೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು. ಒಟ್ಟು 144.

ಮೊದಲನೆಯ ಬಣ್ಣ ಅಶ್ವಪತಿ: ದೆಹಲಿಯ ದೊರೆಯಂತೆ ಕುದುರೆಯೇರಿದ ರಾಜ. ಎರಡನೆಯದು ಗಜಪತಿ: ಒರಿಸ್ಸಾದ ಅರಸನಂತೆ ಆನೆಯ ಬಲವುಳ್ಳವನು. ಮೂರನೆಯದು ನರಪತಿ: ಕಾಲಾಳುಗಳಿಂದ ಬಲಗೊಂಡ ದೊರೆ. ಇವನಿಗೆ ಅಬುಲ್ ಫಜಲ್ ಕೊಡುವ ಉದಾಹರಣೆ ಬಿಜಾಪುರದ ಸುಲ್ತಾನರು! ನಮ್ಮ ಪರಂಪರೆಯಲ್ಲಿ ನರಪತಿಯೆಂದರೆ ವಿಜಯನಗರದ ಅರಸ. ಅಬುಲ್ ಫಜಲ್ ಬರೆಯುತ್ತಿದ್ದದ್ದು 1590ರ ದಶಕದಲ್ಲಿ. ತಾಳಿಕೋಟೆಯ ಕದನ ಮುಗಿದು ಕಾಲು ಶತಮಾನ ಕಳೆದಿತ್ತು. ರಣರಂಗದಲ್ಲಿ ಪಲ್ಲಟವಾದ ಸ್ಥಾನ ಇಸ್ಪೀಟಿನ ಎಲೆಯಲ್ಲೂ ಪಲ್ಲಟವಾಯಿತೆಂದು ನನಗೆ ತೋರುತ್ತದೆ. ಮುಂದೆ ಕೋಟೆಯ ಒಡೆಯ ಗಢಪತಿ, ಬೊಕ್ಕಸದ ಧನಪತಿ, ಕವಚ ತೊಟ್ಟ ವೀರರ ದಳಪತಿ ಬರುತ್ತಾರೆ. ಕರಾವಳಿಯವರು ಗಮನಿಸಬೇಕಾದವನು ಏಳನೆಯ ನವಪತಿ, ಅಂದರೆ ನೌಕಾಪತಿ. ಹಡಗಿನಲ್ಲಿ ಸಿಂಹಾಸನ ಹಾಕಿ ಕುಳಿತ ಅರಸ. ಅವನ ಅಂಕಿಯ ಎಲೆಗಳಲ್ಲಿ ಒಂದರಿಂದ ಹತ್ತು ದೋಣಿಗಳು. ಹೂಡೆಯ ಉತ್ತರಕ್ಕೇ ಇರುವ ಬಾರಕೂರು ವಿಜಯನಗರದ ಪ್ರಾಂತೀಯ ರಾಜಧಾನಿಯಾಗಿತ್ತು. ಆ ಅರಸರ ಸೇನೆಗೆ ಅರಬ್ ಕುದುರೆಗಳು ಬಂದಿಳಿಯುತ್ತಿದ್ದದ್ದು ಭಟ್ಕಳದಂಥ ಪಶ್ಚಿಮ ತೀರದ ರೇವುಗಳಲ್ಲಿ. ನೌಕೆಯಿಲ್ಲದೆ ಅಶ್ವವಿಲ್ಲ ಎಂಬುದು ಇಲ್ಲಿಯವರಿಗೆ ಗೊತ್ತಿದ್ದ ಲೆಕ್ಕ.

ಯುದ್ಧದ ನೆರಳು ಯುರೋಪಿನ ಇಸ್ಪೀಟಿನಲ್ಲೂ ಇದೆ. ಇಂಗ್ಲಿಷಿನ 'ಸ್ಪೇಡ್' ಎಂಬ ಎಲೆಯ ಹೆಸರು ಮಣ್ಣು ಅಗೆಯುವ ಸಲಿಕೆಯಿಂದ ಬಂದದ್ದಲ್ಲ, ಕತ್ತಿ ಎಂಬ ಅರ್ಥದ ಇಟಾಲಿಯನ್ ಪದದಿಂದ ಬಂದದ್ದು.

ಗಂಜೀಫಾ ಜನರ ನಡುವೆ ಬಾಳಿದ್ದು ದಶಾವತಾರದ ರೂಪದಲ್ಲಿ. ಹತ್ತು ಅವತಾರ, ಅವತಾರಕ್ಕೆ ಹನ್ನೆರಡು ಎಲೆ, ಒಟ್ಟು 120. ಪರಶುರಾಮನ ಎಲೆಗಳ ಮೇಲೆ ಕೊಡಲಿ. ಸಾಮಾನ್ಯವಾಗಿ ಮೂವರು ಕೂತು ತಲಾ ನಲವತ್ತು ಎಲೆ ಹಂಚಿಕೊಳ್ಳುತ್ತಿದ್ದರು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಯಾವ ಎಲೆ ಬಿದ್ದಿದೆ, ಯಾವುದು ಇನ್ನೂ ಯಾರ ಕೈಯಲ್ಲಿದೆ ಎಂದು ನೆನಪಿಟ್ಟವನದೇ ಗೆಲುವು. ಶ್ರೀಮಂತರಿಗೆ ದಂತದ ಎಲೆ, ಬಡವರಿಗೆ ಬಟ್ಟೆ ಕಾಗದಕ್ಕೆ ಬಣ್ಣ ಬಳಿದ ಎಲೆ. ಆದರೆ ದಂತದ ರಾಜನಿಗೆ ಬಟ್ಟೆಯ ರಾಜನಿಗಿಂತ ಒಂದಿಷ್ಟೂ ಹೆಚ್ಚಿನ ಬಲವಿರಲಿಲ್ಲ.

ಈ ಆಟವನ್ನು ಅತಿ ದೂರಕ್ಕೆ ಒಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಅವರ ರಾಜ್ಯದ ರಕ್ಷಣೆ ಒಪ್ಪಂದದ ಪ್ರಕಾರ ಇಂಗ್ಲಿಷರ ಪಾಲಾಗಿತ್ತು. 1831ರಲ್ಲಿ ಆಡಳಿತವನ್ನೂ ಕಂಪನಿ ಸರ್ಕಾರ ಕಿತ್ತುಕೊಂಡಿತು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಅರಮನೆಯ ದೊರೆ ಮಾತ್ರ. ಆ ದೀರ್ಘ ಬಿಡುವಿನಲ್ಲಿ ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಓಡಿಸುವ ಬಂಧಗಳನ್ನು ರಚಿಸಿದರು. 'ಶ್ರೀತತ್ತ್ವನಿಧಿ'ಯ ಕೌತುಕ ನಿಧಿಯಲ್ಲಿ ಛದ ಎಂಬ ಎಲೆಯಾಟಗಳನ್ನು ವಿವರಿಸಿದರು. ಕೆಲವು ಆಟಗಳಲ್ಲಿ ಹದಿನೆಂಟು ಬಣ್ಣ. ಬಣ್ಣವೊಂದಕ್ಕೆ ಹನ್ನೆರಡು ಅಂಕಿ, ಆರು ಚಿತ್ರದ ಎಲೆ. ಕಟ್ಟು 360 ಎಲೆಗಳವರೆಗೂ ಬೆಳೆಯಿತು. ದಂಡಿಲ್ಲದ ದೊರೆಯ ಕೈಯಲ್ಲಿ ಇಷ್ಟು ದೊಡ್ಡ ದಂಡು! ಆದರೆ ಅದು ಅರಮನೆಯ ಹೊಸ್ತಿಲು ದಾಟಿದಂತಿಲ್ಲ. ಅಷ್ಟೊಂದು ನಿಯಮಗಳನ್ನು ತಲೆಯಲ್ಲಿಟ್ಟುಕೊಂಡು ಆಡುವವರು ಯಾರು?

ಆ ತೊಡಕನ್ನು ಇಂದು ಯಂತ್ರ ಬಿಡಿಸಿದೆ. ಫೋನಿನ ಆಟದಲ್ಲಿ ಎಲೆಗಳು ನೂರಾರು, ಪ್ರತಿಯೊಂದಕ್ಕೂ ಬೇರೆ ಬೇರೆ ಗುಣ. ಎಣಿಕೆಯೆಲ್ಲ ಯಂತ್ರದ್ದು, ಹತ್ತು ವರ್ಷದ ಮಗುವೂ ಆಡುತ್ತದೆ. ಮುಮ್ಮಡಿಯವರು ಕಂಡಿದ್ದರೆ ಹಿಗ್ಗುತ್ತಿದ್ದರೇನೋ.

ಆದರೆ ಹಂಚುವ ಕ್ರಮ ಮಾತ್ರ ಬದಲಾಗಿದೆ. ಗಂಜೀಫಾದಲ್ಲಿ ಇಡೀ ಸೈನ್ಯ ಒಂದೇ ಕಟ್ಟಿನಲ್ಲಿತ್ತು. ಆಟ ಮುಗಿದರೆ ಎಲ್ಲರ ದಂಡೂ ಮತ್ತೆ ಪೆಟ್ಟಿಗೆಗೆ. ಅಮೆರಿಕದಲ್ಲಿ 1993ರಲ್ಲಿ ಬಂದ 'ಮ್ಯಾಜಿಕ್' ಎಂಬ ಆಟ ಎಲೆಗಳನ್ನು ಮುಚ್ಚಿದ ಪೊಟ್ಟಣದಲ್ಲಿ ಮಾರಿತು. ಒಳಗೇನಿದೆಯೆಂದು ತಿಳಿಯದೆ ಕೊಳ್ಳಬೇಕು. ಬಲವಾದ ಎಲೆ ಬಾರದಿದ್ದರೆ ಇನ್ನೊಂದು ಪೊಟ್ಟಣ. ಡಿಜಿಟಲ್ ಯುದ್ಧದ ಎಲೆಗಳೂ ಇದೇ ದಾರಿ ಹಿಡಿದಿವೆ. ಆಡಿ ಆಡಿ ಎಲೆ ಗಳಿಸುವ ದಾರಿಯೂ ಇದೆಯೆನ್ನಿ, ಆದರೆ ಅದು ಸುತ್ತುದಾರಿ. ಹೀಗೆ ಕಣ್ಣುಮುಚ್ಚಿ ಕೊಳ್ಳುವ ಡಿಜಿಟಲ್ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಅಪ್ಪನ ಖಾತೆಯಿಂದ ಹಣ ಹೋದದ್ದು ತಿಂಗಳ ಕೊನೆಗೆ ಗೊತ್ತಾಗುವ ಮನೆಗಳಿಗೆ ಇದು ದೂರದೇಶದ ಸುದ್ದಿಯಲ್ಲ. ಹಾಗೆ ಕೊಂಡ ಟ್ಯಾಂಕಾದರೂ ಕೈಯಲ್ಲಿ ಉಳಿಯುವುದೇ? ಕಂಪನಿ ತನ್ನ ಸರ್ವರ್ ಮುಚ್ಚಿದ ದಿನ ಅದೂ ಇಲ್ಲ.

ಗುಂಡು ಎಲೆಗಳು ಇನ್ನೂ ಉಳಿದಿವೆ. ಉಡುಪಿ ಮೂಲದ ಗಂಜೀಫಾ ರಘುಪತಿ ಭಟ್ಟರು ಮೈಸೂರು, ಶ್ರೀರಂಗಪಟ್ಟಣಗಳಲ್ಲಿ ಅವನ್ನು ಮತ್ತೆ ಬರೆದು ಈ ಕಲೆಗೆ ಜೀವ ತುಂಬಿದರು. ಈಗ ಅವನ್ನು ಕೊಳ್ಳುವವರು ಹೆಚ್ಚಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಇಳಿಸಿ ಆಡಬೇಕೆನ್ನುವವರಿಗೆ ದಶಾವತಾರ ಕಟ್ಟಿನ ಮೊದಲ ನಿಯಮ ಹೀಗಿದೆ: ಹಗಲಾದರೆ ರಾಮನನ್ನು ಹಿಡಿದವನು ಆಟ ಆರಂಭಿಸಬೇಕು, ಇರುಳಾದರೆ ಕೃಷ್ಣನನ್ನು ಹಿಡಿದವನು.